ಯುದ್ಧನೌಕೆ ತಡ ಆಗೋದು ಎಲ್ಲಿ? ನಮ್ಮ ಕಡೆ ಶೆಡ್‌ಗಳಿಗೆ ಅದರಾಗೆ ಕೆಲಸ ಐತಾ?

ಕೌಲ್‌ಬಜಾರ್ ಶೆಡ್:
ನೌಕಾಪಡೆ ಹಡಗಿನ ಸುದ್ದಿ ಬಂದಾಗೆಲ್ಲ ಎರಡು ಮಾತು ಕಿವಿಗೆ ಬೀಳ್ತಾವೆ. ಒಂದು, ಎಲ್ಲಾ ಸ್ವದೇಶಿ. ಇನ್ನೊಂದು, ವರ್ಷಗಟ್ಟಲೆ ತಡ. ಅದಿರು ನಮ್ಮ ಸಂಡೂರಿನಾಗೈತಿ, ಉಕ್ಕು ತೋರಣಗಲ್ಲಿನಾಗೆ ಆಗ್ತೈತಿ, ಕಟಿಂಗು ವೆಲ್ಡಿಂಗು ಬಲ್ಲ ಹುಡುಗರು ಓಣಿಗೊಬ್ರು ಅದಾರ. ಟಿ.ಬಿ. ಡ್ಯಾಮಿನ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಚೈನು ಹರಿದು ಕೊಚ್ಚಿ ಹೋತು. ಒಂದು ವಾರದಾಗೆ ಹರಿಯೋ ನೀರಿನಾಗೇ ಸ್ಟಾಪ್‌ಲಾಗ್, ಅಂದ್ರೆ ತಾತ್ಕಾಲಿಕ ಉಕ್ಕಿನ ತಡೆ, ಇಳಿಸಿದ್ರು. ಹಂಗಿದ್ರೆ ಹಡಗಿಗೆ ಎಂಟು ಹತ್ತು ವರ್ಷ ಯಾಕ್ರಿ? ಎರಡನೇದು, ಸಣ್ಣ ಫ್ಯಾಬ್ರಿಕೇಶನ್ ಶೆಡ್‌ಗಳಿಗೆ ಇದರಾಗೆ ಕೆಲಸ ಸಿಗೋ ದಾರಿ ಐತಾ? ಬಲ್ಲೋರು ಲೆಕ್ಕ ಸಮೇತ ಹೇಳ್ರಿ. ಭಾಷಣ ಬ್ಯಾಡ.

ತೋರಣಗಲ್ಲು ರೋಲಿಂಗ್:
ಮೊದಲು ಅದಿರಿನ ಮಾತು ಸರಿ ಮಾಡಿಕೊಳ್ಳೋಣ. ವಿಮಾನವಾಹಕ ನೌಕೆ ವಿಕ್ರಾಂತ್‌ಗೆ ಹೋದ ವಿಶೇಷ ದರ್ಜೆಯ ಉಕ್ಕು ಸುಮಾರು 21,500 ಟನ್. ಅದು ಸೇಲ್ ಕಂಪನಿಯ ಬೊಕಾರೊ, ರೂರ್ಕೆಲಾ, ಭಿಲಾಯಿ ಕಾರ್ಖಾನೆಗಳಿಂದ ಬಂದದ್ದು. ಭಿಲಾಯಿಗೆ ಅದಿರು ದಲ್ಲಿ ರಾಜ್‌ಹರಾದಿಂದ ಹೋಗುತ್ತದೆ, ಸಂಡೂರಿನಿಂದ ಅಲ್ಲ. ಇನ್ನು ತೋರಣಗಲ್ಲಿನ ಮುಖ್ಯ ಮಾಲು ಕಾಯಿಲ್ (ಸುರುಳಿ ಸುತ್ತಿದ ಹಾಳೆ) ಮತ್ತು ಸರಳು, ಕಂಬಿಯಂಥ ಉದ್ದ ಸರಕು. ಹಡಗಿನ ಹೊರಮೈಗೆ ಬೇಕಾದದ್ದು ಪ್ಲೇಟ್ ಮಿಲ್ಲಿನ ಅಗಲ ಪ್ಲೇಟು. ಕಾಯಿಲ್ ಬಿಚ್ಚಿ ಲೆವೆಲ್ ಮಾಡಿ ಕತ್ತರಿಸಿದರೂ ಒಳಗೆ ಸುರುಳಿಯ ಒತ್ತಡ ಉಳಿದಿರುತ್ತದೆ. ಪ್ಲಾಸ್ಮಾ ಹಾಕಿದ ಕೂಡಲೇ ಅಂಚು ಬಿಲ್ಲಿನಂತೆ ಬಾಗುತ್ತದೆ. ಅಗಲ ಕಡಿಮೆ ಇದ್ದಷ್ಟೂ ಜೋಡಣೆ ಜಾಸ್ತಿ, ಜೋಡಣೆ ಹೆಚ್ಚಿದಷ್ಟೂ ವೆಲ್ಡಿಂಗ್ ಹೆಚ್ಚು, ಅದಕ್ಕೆ ತಕ್ಕಂತೆ ಡೊಂಕು.

ದರ್ಜೆಯ ಹೆಸರು ಡಿಎಂಆರ್ 249ಎ. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ರೂಪಿಸಿದ್ದು. ಇಂಗಾಲ ಕಡಿಮೆ, ಸೂಕ್ಷ್ಮ ಪ್ರಮಾಣದ ಮಿಶ್ರಲೋಹ, ಯೀಲ್ಡ್ (ಶಾಶ್ವತವಾಗಿ ಬಾಗುವ ಮುನ್ನ ತಡೆಯುವ ಒತ್ತಡ) ಕನಿಷ್ಠ 390 ಮೆಗಾಪಾಸ್ಕಲ್, ಮೈನಸ್ 60 ಡಿಗ್ರಿಯಲ್ಲಿ ಇಂಪ್ಯಾಕ್ಟ್ ಪರೀಕ್ಷೆ. ವಿಮಾನ ಇಳಿಯುವ ಡೆಕ್ಕಿಗೆ ಇನ್ನೂ ಗಟ್ಟಿಯಾದ 249ಬಿ, ಕಾಯಿಸಿ ತಣಿಸಿ ಹದ ಮಾಡಿದ್ದು. ನಮ್ಮ ಸಮುದ್ರ ಬೆಚ್ಚಗಿದೆ, ಮೈನಸ್ 60 ಯಾಕೆ ಎಂದು ಕೇಳಬಹುದು. ಹಡಗಿನ ಕೆಳಗೆ ನೀರಿನಲ್ಲಿ ಸ್ಫೋಟವಾದಾಗ ಉಕ್ಕು ಗಾಜಿನ ಹಾಗೆ ಸೀಳದೆ, ಬಾಗಿ ತಡೆದುಕೊಳ್ಳಬೇಕು. ತಂಪಿನಲ್ಲಿ ಹೊಡೆದು ನೋಡುವುದು ಆ ಗುಣ ಅಳೆಯಲಿಕ್ಕೆ.

ಕೌಲ್‌ಬಜಾರ್ ಶೆಡ್:
ಹಂಗಾದ್ರೆ ಉಕ್ಕು ಸಿಗಲಿಲ್ಲ ಅಂತನೇ ತಡ ಆತಾ?

ಟೆಂಡರ್ ಫೈಲು, ರಾಯಚೂರು:
ಒಂದು ಕಾಲಕ್ಕೆ ಹೌದು. ವಿಕ್ರಾಂತ್ ಆರಂಭದಲ್ಲಿ ರಷ್ಯಾದ ಉಕ್ಕು ಬರದೆ ಕೆಲಸ ನಿಂತಿತ್ತು. ಆಗ ಕೈಹಿಡಿದದ್ದು ಈ 249ಎ. ಕೊಲ್ಕತ್ತಾ ವರ್ಗದ ವಿಧ್ವಂಸಕ ಹಡಗುಗಳಿಗೂ ರಷ್ಯನ್ ಉಕ್ಕಿನ ದಾರಿ ಕಾಯಬೇಕಾಯಿತು. ಈಗ ಆ ಗಂಟು ಬಿಚ್ಚಿದೆ. ನೌಕಾಪಡೆಯವರ ಲೆಕ್ಕದಲ್ಲಿ ಹಡಗಿಗೆ ಮೂರು ಭಾಗ: ತೇಲುವುದು, ಚಲಿಸುವುದು, ಕಾದಾಡುವುದು. ತೇಲುವ ಭಾಗದಲ್ಲಿ ಸ್ವದೇಶಿ ಪಾಲು ಸುಮಾರು 90 ಪ್ರತಿಶತ, ಚಲಿಸುವುದರಲ್ಲಿ 60, ಕಾದಾಡುವುದರಲ್ಲಿ 50 ಅಂತ ಅವರೇ ಹೇಳುತ್ತಾ ಬಂದಿದ್ದಾರೆ. ನಿಮ್ಮ ಕಣ್ಣಿಗೆ ಬೀಳುವ ಪ್ಲೇಟು, ಪೈಪು, ವೆಲ್ಡಿಂಗ್ ಎಲ್ಲ ಆ 90ರೊಳಗಿನದು. ತಡ ಕೂತಿರುವುದು ಉಳಿದ ಎರಡರಲ್ಲಿ. ಅಲ್ಲೂ ಸಾಮಾನು ತಯಾರಿಸುವುದಕ್ಕೆ ಹಿಡಿಯುವ ಸಮಯಕ್ಕಿಂತ, ಯಾವ ಸಾಮಾನು ಅಂತ ನಿರ್ಧರಿಸುವುದಕ್ಕೆ ಹಿಡಿಯುವ ಸಮಯವೇ ದೊಡ್ಡದು.

ಸ್ಕಾರ್ಪೀನ್ ಜಲಾಂತರ್ಗಾಮಿ ತೆಗೆದುಕೊಳ್ಳಿ. ಒಪ್ಪಂದ 2005ರ ಅಕ್ಟೋಬರ್. ಮೊದಲನೆಯದು 2012ಕ್ಕೆ ಕೈಸೇರಬೇಕಿತ್ತು. ಕಲ್ವರಿ ಸೇವೆಗೆ ಸೇರಿದ್ದು 2017ರ ಡಿಸೆಂಬರ್ 14, ಆರನೆಯದಾದ ವಾಗ್‌ಶೀರ್ 2025ರ ಜನವರಿ 15. ಹೊರಗೋಡೆ ಬಾಗಿಸುವುದು, ಬೆಸೆಯುವುದು ಮುಂಬೈನ ಸರ್ಕಾರಿ ಹಡಗುಕಟ್ಟೆ ಮಜಗಾಂವ್‌ನವರಿಗೆ ಕಷ್ಟವಾಯಿತಾದರೂ ಕಲಿತರು. ಆದರೆ ಒಪ್ಪಂದದಲ್ಲಿ 'ಮಜಗಾಂವ್ ಕೊಳ್ಳಬೇಕಾದ ಸಾಮಾನು' ಅಂತ ಒಂದು ಕಟ್ಟು ಬೇರೆ ಇತ್ತು. ಅದರ ದರ ಒಪ್ಪಂದದ ದಿನ ಪೂರ್ತಿ ಕಟ್ಟಿರಲಿಲ್ಲ. ಆಮೇಲೆ ಕೂತು ಚೌಕಾಶಿ. ಮದುವೆ ಮುಹೂರ್ತ ಇಟ್ಟ ಮೇಲೆ ವರದಕ್ಷಿಣೆ ಮಾತಾಡಿದ ಹಾಗೆ, ಎದುರಿನವನಿಗೆ ಗೊತ್ತು ನೀವು ಎದ್ದು ಹೋಗೋದಿಲ್ಲ ಅಂತ. ಅದರ ಮೇಲೆ ಟಾರ್ಪೆಡೊ. ಆಯ್ಕೆಯಾಗಿದ್ದ ಬ್ಲ್ಯಾಕ್ ಶಾರ್ಕ್, ಹೆಲಿಕಾಪ್ಟರ್ ಹಗರಣದಲ್ಲಿ ಸಿಕ್ಕಿಬಿದ್ದ ಕಂಪನಿ ಸಮೂಹದ್ದು ಅಂತ ಕೈಬಿಟ್ಟರು. ಹೊಸ ದೋಣಿ ಹಳೇ ಟಾರ್ಪೆಡೊ ಇಟ್ಟುಕೊಂಡು ಓಡಾಡಿತು.

ಕಮೋರ್ತಾ 2014ರ ಆಗಸ್ಟ್‌ನಲ್ಲಿ ಸೇವೆಗೆ ಸೇರಿತು. ಜಲಾಂತರ್ಗಾಮಿ ಬೇಟೆಗೇ ಕಟ್ಟಿದ ಹಡಗು, ಆದರೆ ಹಿಂದೆ ಎಳೆದೊಯ್ಯುವ ಸೋನಾರ್ (ಶಬ್ದದಿಂದ ನೀರೊಳಗೆ ಹುಡುಕುವ ಸಾಧನ) ಇರಲಿಲ್ಲ, ವಿಮಾನ ಹೊಡೆಯುವ ಕ್ಷಿಪಣಿಯೂ ಇರಲಿಲ್ಲ. ಅದೇ ತಿಂಗಳು ಸೇರಿದ ಐಎನ್‌ಎಸ್ ಕೊಲ್ಕತ್ತಾ ತನ್ನ ದೂರಗಾಮಿ ಕ್ಷಿಪಣಿಯನ್ನು ಮೊದಲು ಹಾರಿಸಿದ್ದು 2015ರ ಡಿಸೆಂಬರ್ ಕೊನೆಗೆ. ಕೊಲ್ಕತ್ತಾ ವರ್ಗದ ಮೂರು ಹಡಗುಗಳ ಯೋಜನೆ 3,580 ಕೋಟಿಯಿಂದ 11,662 ಕೋಟಿಗೆ ಏರಿತ್ತು.

ಇದರ ಬುಡ 'ಟೆಲಿಸ್ಕೋಪಿಕ್' ಪದ್ಧತಿಯಲ್ಲಿದೆ. ನಕ್ಷೆ ಪೂರ್ತಿ ಆಗುವ ಮೊದಲೇ ಕಟ್ಟಲು ಶುರು ಮಾಡುವುದು. ದುರ್ಬೀನಿನ ಕೊಳವೆಗಳ ಹಾಗೆ ಒಂದರೊಳಗೊಂದು ಹಂತ. ಸಿಎಜಿಯ 2010-11ರ ವರದಿ ಇದನ್ನೇ ಎತ್ತಿ ತೋರಿಸಿತ್ತು. ಸಮರ್ಥನೆಯೂ ಇದೆ: ಹತ್ತು ವರ್ಷದ ಕೆಲಸ, ಇವತ್ತಿನ ರೇಡಾರ್ ಇವತ್ತೇ ಗಟ್ಟಿ ಮಾಡಿದರೆ ಹಡಗು ನೀರಿಗಿಳಿಯುವಾಗ ಅದು ಹಳತಾಗಿರುತ್ತದೆ. ಮಾತು ಸುಳ್ಳಲ್ಲ. ಆದರೆ ರೇಡಾರ್ ತಡವಾಗಿ ಆರಿಸುವುದು ಬೇರೆ, ರೇಡಾರಿಗೆ ಎಷ್ಟು ಜಾಗ, ಎಷ್ಟು ತೂಕ, ಎಷ್ಟು ಕರೆಂಟು, ಎಷ್ಟು ತಣ್ಣೀರು ಅಂತ ಮೊದಲೇ ಗಟ್ಟಿ ಮಾಡದಿರುವುದು ಬೇರೆ. ನಮ್ಮಲ್ಲಿ ಎರಡನೆಯದು ಆಗಿದೆ.

ಮುನಿರಾಬಾದ್ ತೂಬು:
ಸ್ಟಾಪ್‌ಲಾಗ್ ಹೋಲಿಕೆ ಸರಿ ಹೊಂದಂಗಿಲ್ರಿ. ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಅದನ್ನ ತುಂಡು ತುಂಡು ಮಾಡಿ ಒಂದರ ಮ್ಯಾಲೊಂದು ಇಳಿಸಿದ್ರು. ಪ್ರತಿ ತುಂಡೂ ಪ್ಲೇಟು, ಗರ್ಡರು, ರಬ್ಬರ್ ಸೀಲು, ಇಷ್ಟೇ. ಅಳತೆ ಕಂಬದಾಗೇ ಇತ್ತು, 33 ಗೇಟಿಗೂ ಒಂದೇ ಅಳತೆ. ಹಡಗಿನಾಗ ಹಂಗಲ್ಲ. ವಿಕ್ರಾಂತ್‌ನಾಗ 2,300 ಕೋಣೆ, 2,500 ಕಿ.ಮೀ. ಕೇಬಲ್ಲು, 150 ಕಿ.ಮೀ. ಪೈಪು.

ಹಂಗಂತ ಕಲಿಯೋದು ಏನೂ ಇಲ್ಲ ಅಂತಲ್ಲ. ಆ ವಾರ ಕೆಲಸ ಓಡಿದ್ದು ಯಾಕಂದ್ರ, ಅಳತೆ ಬದಲಾಗಲಿಲ್ಲ. ತಯಾರಾಗೋ ಹೊತ್ತಿನಾಗ ಯಾರೂ ಬಂದು "ಇದಕ್ಕೊಂದು ಕಿಟಕಿ ಹಚ್ರಿ" ಅನ್ನಲಿಲ್ಲ.

ಶಕ್ತಿನಗರ ಟರ್ಬೈನ್:
ಕಿಟಕಿ ಹಚ್ಚೋದರ ಬೆಲೆ ಎಷ್ಟು ಅಂತ ಹೇಳ್ತೀನಿ. ಹಡಗು ಕಟ್ಟೋರಲ್ಲಿ 1-3-8 ಅಂತ ಒಂದು ಲೆಕ್ಕ ಅದ. ಶೆಡ್ಡಿನಲ್ಲಿ ಒಂದು ತಾಸು ಹಿಡಿಯೋ ಕೆಲಸ, ಬ್ಲಾಕಿನೊಳಗೆ (ಜೋಡಿಸೋ ಮೊದಲಿನ ಹಡಗಿನ ದೊಡ್ಡ ತುಂಡು) ಮಾಡಿದರೆ ಮೂರು ತಾಸು, ಹಡಗು ನೀರಿಗಿಳಿದ ಮ್ಯಾಲೆ ಮಾಡಿದರೆ ಎಂಟು ತಾಸು. ಯಾಕೆ ಎಂಟು? ವೆಲ್ಡರ್ ಒಳಗೆ ಹೋಗಬೇಕು, ಗಾಳಿ ಊದುವ ಡಕ್ಟು ಎಳೀಬೇಕು, ಹಾಟ್ ವರ್ಕ್ ಪರ್ಮಿಟ್ ಆಗಬೇಕು, ಬೆಂಕಿ ಕಾಯೋನು ಗೋಡೆಯ ಆಚೆ ಬದಿಗೂ ನಿಲ್ಲಬೇಕು, ಅಷ್ಟರಾಗೆ ಎಳೆದಿದ್ದ ಕೇಬಲ್ಲು ಮುಚ್ಚಬೇಕು ಇಲ್ಲಾ ಬಿಚ್ಚಬೇಕು. ಬೆಸೆದ ಮ್ಯಾಲೆ ಎರಡೂ ಬದಿ ಸುಟ್ಟ ಪೇಂಟು ಕೆರೆದು ಮತ್ತೆ ಹಚ್ಚಬೇಕು. ಬೆಸೆಯೋದು 20 ನಿಮಿಷ, ಉಳಿದದ್ದು ಅದರ ಮೆರವಣಿಗೆ.

ಈಗ ಗೇರ್‌ಬಾಕ್ಸ್ ಎರಡು ವರ್ಷ ತಡ ಅಂತ ಇಟ್ಟುಕೊಳ್ರಿ. ಅದಕ್ಕೆ ಡೆಕ್ಕಿನಲ್ಲಿ ದಾರಿ ತೆರೆದೇ ಇಡಬೇಕು. ದಾರಿ ತೆರೆದಿದ್ದರೆ ಮ್ಯಾಲಿನ ಡೆಕ್ಕಿನ ಪೈಪು, ಕೇಬಲ್ಲು, ಗಾಳಿಕೊಳವೆ ಎಲ್ಲ ಅಲ್ಲಿಗೇ ನಿಲ್ತಾವ. ಒಂದು ಪೆಟ್ಟಿಗೆ ಬರಲಿಲ್ಲ ಅಂತ ನಾಲ್ಕು ಡೆಕ್ಕಿನ ಕೆಲಸ ಗಂಟು ಬೀಳ್ತದ. ಮುಚ್ಚಿ ಆಮೇಲೆ ಕೊಯ್ದರೆ ಅದು ಎಂಟರ ಲೆಕ್ಕ.

ಇನ್ನು ಅಲೈನ್‌ಮೆಂಟ್, ಅಂದ್ರೆ ಯಂತ್ರ, ಶಾಫ್ಟು ಒಂದೇ ಸಾಲಿಗೆ ಕೂಡಿಸೋದು. ಪವರ್ ಹೌಸಿನ ಟರ್ಬೈನು ಕಾಂಕ್ರೀಟ್ ಬುನಾದಿ ಮ್ಯಾಲೆ ಕೂಡ್ತದ, ಅದು ಅಲ್ಲಾಡಂಗಿಲ್ಲ. ಹಡಗಿನ ಬುನಾದಿ ಹಡಗೇ. ಅದು ಬಾಗ್ತದ. ಸ್ಲಿಪ್‌ವೇ ಮ್ಯಾಲೆ ಒಂದು ಆಕಾರ, ನೀರಿನಾಗ ಇನ್ನೊಂದು, ಬಿಸಿಲು ಬಿದ್ದರೆ ಮತ್ತೊಂದು. ಅದಕ್ಕೆ ಸ್ಟರ್ನ್ ಟ್ಯೂಬಿನ (ಪ್ರೊಪೆಲರ್ ಶಾಫ್ಟ್ ಹೊರಗೆ ಹೋಗೋ ಕೊಳವೆ) ರಂಧ್ರ ಲೇಸರ್ ಹಿಡಿದು ಕೊರೆಯೋದು ರಾತ್ರಿ ಇಲ್ಲಾ ನಸುಕಿನಾಗ, ಹಲ್ (ಹಡಗಿನ ಒಡಲು) ಉಷ್ಣ ಒಂದೇ ಸಮ ಇದ್ದಾಗ. ದೊಡ್ಡ ತೂಕಗಳೆಲ್ಲ ಒಳಗೆ ಬಂದ ಮ್ಯಾಲೆ, ನೀರಿಗಿಳಿದ ಮ್ಯಾಲೆ, ಬೇರಿಂಗ್ ಒಂದೊಂದನ್ನೂ ಜಾಕ್ ಹಚ್ಚಿ ಎತ್ತಿ ಎಷ್ಟು ಭಾರ ಹೊತ್ತದ ಅಂತ ಅಳೀಬೇಕು. ತಡವಾಗಿ ಬಂದ 40 ಟನ್ ಸಾಮಾನು ಆಮೇಲೆ ಇಟ್ಟರೆ ಹಲ್ ಮತ್ತೆ ಕೂಡ್ತದ, ಅಳತೆ ಮತ್ತೆ ಮಾಡಬೇಕು. ಬಿಟ್ಟರೆ ಒಂದು ಬೇರಿಂಗ್ ಖಾಲಿ ತಿರುಗ್ತದ, ಪಕ್ಕದ್ದು ಸುಡ್ತದ, ಗೇರಿನ ಹಲ್ಲು ಒಂದೇ ಅಂಚಿಗೆ ಕಚ್ಚಿ ಸಿಪ್ಪೆ ಏಳ್ತದ. ಮುಂಗಡ ಪಟ್ಟಿಯಲ್ಲಿ ಗೇರ್‌ಬಾಕ್ಸ್ ಎಲ್ಲಕ್ಕಿಂತ ಮ್ಯಾಲಿರಬೇಕು ಅನ್ನೋದು ಇದಕ್ಕೇ.

ಕುಡತಿನಿ ಬಾಯ್ಲರ್:
ಹಳೇ ಹಡಗು ಕೊಂಡು ರಿಪೇರಿ ಮಾಡಿಸಿದ್ರೆ ಅಗ್ಗ ಅನ್ನೋರಿಗೆ ರಷ್ಯಾದಿಂದ ಕೊಂಡ ಹಳೇ ವಿಮಾನವಾಹಕ ಗೋರ್ಶ್ಕೋವ್ ಲೆಕ್ಕ ನೆನಪು ಮಾಡ್ತೀನಿ. 2004ರಲ್ಲಿ 974 ಮಿಲಿಯನ್ ಡಾಲರ್, 2008ಕ್ಕೆ ಕೊಡಬೇಕು. ವಿಕ್ರಮಾದಿತ್ಯ ಅಂತ ಸೇವೆಗೆ ಸೇರಿದ್ದು 2013ರ ನವೆಂಬರ್ 16, ಬೆಲೆ 2.3 ಬಿಲಿಯನ್ ದಾಟಿತ್ತು. ಒಪ್ಪಂದಕ್ಕೆ ಮುಂಚೆ ಹಡಗನ್ನ ಪೂರ್ತಿ ಬಿಚ್ಚಿ ನೋಡಿರಲಿಲ್ಲ. ಬಿಚ್ಚಿದ ಮೇಲೆ ಬದಲಾಯಿಸಬೇಕಾದ ಕೇಬಲ್ಲೇ ಅಂದಾಜಿಗಿಂತ ಎಷ್ಟೋ ಪಾಲು ಜಾಸ್ತಿ. ಕೊನೆಗೆ 2012ರ ಸಮುದ್ರ ಪರೀಕ್ಷೆಯಲ್ಲಿ ಎಂಟು ಬಾಯ್ಲರ್‌ಗಳಲ್ಲಿ ಏಳು ಕೈಕೊಟ್ಟವು. ಕಲ್ನಾರು ಬೇಡ ಅಂತ ಭಾರತ ಹೇಳಿತ್ತು, ಅದು ಸರಿಯೇ. ಬದಲಿಗೆ ಫೈರ್‌ಬ್ರಿಕ್ ಹಾಕಿದ್ರು. ಪೂರ್ಣ ವೇಗಕ್ಕೆ ಹೋದಾಗ ಒಳಪದರ ತಡೀಲಿಲ್ಲ. ಬಾಯ್ಲರ್ ಬಲ್ಲ ಯಾರಿಗಾದ್ರೂ ಗೊತ್ತು, ಕಲ್ನಾರು ಹಾಳೆ ಇಟ್ಟಿಗೆಯ ಹಿಂದೆ ಮೆತ್ತೆ ಹಾಗೆ ಕೂತು ಹಿಗ್ಗೋದು ಕುಗ್ಗೋದನ್ನ ನುಂಗ್ತದೆ. ಅದನ್ನ ತೆಗೆದು ಬರೀ ಇಟ್ಟಿಗೆ ಇಟ್ರೆ ಹಿಗ್ಗೋಕೆ ಜಾಗ ಇಲ್ಲ, ಇಟ್ಟಿಗೆ ಇಟ್ಟಿಗೆಯನ್ನೇ ಒಡೀತದೆ. ಸಾಮಾನು ಬದಲಿಸಿದ್ರೆ ವಿನ್ಯಾಸ ಹೊಸದಾಗಿ ಲೆಕ್ಕ ಹಾಕಬೇಕು, ಪಟ್ಟಿಯಲ್ಲಿ ಹೆಸರು ತಿದ್ದಿದ್ರೆ ಸಾಲದು.

ರಿಪೇರಿ ಟೆಂಡರಿನಲ್ಲಿ ಇದಕ್ಕೆ ಈಗ ಒಂದು ದಾರಿ ಮಾಡ್ಯಾರೆ. 2025ರ ನವೆಂಬರ್ 1ರಿಂದ ಜಾರಿಯಾದ ರಕ್ಷಣಾ ಖರೀದಿ ಕೈಪಿಡಿಯಲ್ಲಿ ಬಿಚ್ಚಿದ ಮೇಲೆ ಬೆಳೆಯುವ ಕೆಲಸಕ್ಕೆ 15 ಪ್ರತಿಶತ ಮೊದಲೇ ಇಟ್ಟುಕೊಳ್ಳಬಹುದು. ಮುಂಚೆ ಪ್ರತಿ ಹೆಚ್ಚುವರಿ ಪ್ಲೇಟಿಗೂ ಫೈಲು ಮೇಲೆ ಹೋಗಿ ಕೆಳಗೆ ಬರಬೇಕಿತ್ತು, ಹಡಗು ಡ್ರೈಡಾಕಿನಲ್ಲಿ ಕಾಯ್ತಾ ಕೂತಿರ್ತಿತ್ತು.

ಗಿಣಿಗೇರಾ ಬಾರ್‌ಮಿಲ್:
ಎಲ್ಲಾ ತಪ್ಪೂ ಎಲ್1ದು ಅಂತ ಒಂದು ವಾದ ಐತಿ. ಕಡಿಮೆ ದರದೋನಿಗೆ ಕೊಟ್ಟು ಕೆಟ್ವಿ ಅಂತ. ನೌಕಾಪಡೆಯ ದೊಡ್ಡ ಹಡಗು ಬಹಳಷ್ಟು ಟೆಂಡರ್ ಇಲ್ಲದೆ ಸರ್ಕಾರಿ ಹಡಗುಕಟ್ಟೆಗಳಿಗೆ ನೇರ ಹೋಗ್ಯಾವಲ್ಲ, ಅವು ಯಾಕ ತಡ?

ಟೆಂಡರ್ ಫೈಲು, ರಾಯಚೂರು:
ಎರಡೂ ಕಡೆ ಹೊಂಡವಿದೆ. ನೇರ ನಾಮನಿರ್ದೇಶನದಲ್ಲಿ ಹಳೆಯ ಒಪ್ಪಂದಗಳು 'ಖರ್ಚು ಪ್ಲಸ್ ಲಾಭ' ಲೆಕ್ಕದವು. ಖರ್ಚು ಏರಿದಷ್ಟೂ ಅದರ ಪ್ರತಿಶತ ಲೆಕ್ಕದಲ್ಲಿ ಸಿಗುವ ಲಾಭದ ಮೊತ್ತವೂ ಏರುತ್ತದೆ, ಬೇಗ ಮುಗಿಸುವ ಆತುರ ಯಾರಿಗೆ? ಟೆಂಡರಿನ ಹೊಂಡಕ್ಕೆ ಗುಜರಾತಿನ ಖಾಸಗಿ ಕಟ್ಟೆ ಪಿಪಾವಾವ್ ನೋಡಿ. 2011ರಲ್ಲಿ ಐದು ಗಸ್ತು ಹಡಗುಗಳ ಒಪ್ಪಂದ. 2017ರಲ್ಲಿ ಎರಡನ್ನು ನೀರಿಗಿಳಿಸಿದರು, ಒಂದೂ ಕೈಸೇರಲಿಲ್ಲ. ಒಪ್ಪಂದ ರದ್ದಾಯಿತು, ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಬ್ಯಾಂಕ್ ಗ್ಯಾರಂಟಿ ಮುರಿದುಕೊಂಡರೆ ಹಣ ಬರುತ್ತದೆ, ಹಡಗು ಬರುವುದಿಲ್ಲ.

ನನಗೆ ಹಿಡಿಸಿದ್ದು ನಡುವಿನ ದಾರಿ. ಕರಾವಳಿಯಲ್ಲಿ ಜಲಾಂತರ್ಗಾಮಿ ಹುಡುಕುವ 16 ಸಣ್ಣ ಹಡಗುಗಳನ್ನು 2019ರಲ್ಲಿ ಕೊಲ್ಕತ್ತಾದ ಸರ್ಕಾರಿ ಕಟ್ಟೆ ಜಿಆರ್‌ಎಸ್‌ಇಗೆ ಎಂಟು, ಕೊಚ್ಚಿಯ ಕಟ್ಟೆಗೆ ಎಂಟು ಹಂಚಿದರು. ಜಿಆರ್‌ಎಸ್‌ಇ ತನ್ನ ಪಾಲಿನಲ್ಲಿ ಕೆಲವನ್ನು ಕಟ್ಟುಪಳ್ಳಿಯ ಎಲ್ ಆ್ಯಂಡ್ ಟಿ ಕಟ್ಟೆಯಲ್ಲಿ ಕಟ್ಟಿಸಿತು. ಮೊದಲನೆಯ ಅರ್ನಾಲ 2025ರ ಜೂನ್ 18ಕ್ಕೆ ಸೇರಿತು. ಇದೂ ಮೂರು ವರ್ಷದಷ್ಟು ತಡವೇ. ಆದರೆ ಆಮೇಲೆ ಅಕ್ಟೋಬರಿನಲ್ಲಿ ಆಂಡ್ರೋತ್, ನವೆಂಬರಿನಲ್ಲಿ ಕೊಚ್ಚಿಯ ಮಾಹೆ ಸಾಲಾಗಿ ಬಂದವು. ಒಂದೇ ನಕ್ಷೆ ಮತ್ತೆ ಮತ್ತೆ ಕಟ್ಟಿದರೆ ಕೈ ಪಳಗುತ್ತದೆ. ಮಜಗಾಂವ್‌ನ ಲೆಕ್ಕವೇ ಇದೆ: ಫ್ರಿಗೇಟ್ (ಮಧ್ಯಮ ಗಾತ್ರದ ಯುದ್ಧನೌಕೆ) ನೀಲಗಿರಿಗೆ 93 ತಿಂಗಳು, ಅದೇ ವರ್ಗದ ತಾರಾಗಿರಿಗೆ 81. ನಕ್ಷೆ ನಿಂತಿತ್ತು, ಸಾಮಾನಿನ ಸರಣಿ ಕುದುರಿತ್ತು. ನಮ್ಮ ದೌರ್ಬಲ್ಯ ಏನೆಂದರೆ ಮೂರು, ನಾಲ್ಕು ಕಟ್ಟಿ ಕೈ ಕುದುರುವ ಹೊತ್ತಿಗೆ ವರ್ಗ ಮುಗಿಸಿ ಹೊಸ ನಕ್ಷೆಗೆ ಹೋಗುತ್ತೇವೆ. ಸುಧಾರಣೆ ಅಂತ ಒಂದೇ ಒಂದು ಕೇಳಿದರೆ, ಇದನ್ನೇ ಕೇಳುತ್ತೇನೆ.

ಅಮೆರಿಕದವರೂ ಇದೇ ಹಳ್ಳಕ್ಕೆ ಬಿದ್ದರು. ಇಟಲಿ-ಫ್ರಾನ್ಸಿನ ಸಿದ್ಧ ಫ್ರಿಗೇಟ್ ನಕ್ಷೆ ತಂದು, 85 ಪ್ರತಿಶತ ಹಾಗೇ ಉಳಿಸುತ್ತೇವೆ ಎಂದು ಕಾನ್‌ಸ್ಟೆಲೇಶನ್ ವರ್ಗ ಶುರು ಮಾಡಿದರು. ತಿದ್ದಿ ತಿದ್ದಿ ಸಾಮ್ಯ 15ಕ್ಕಿಂತ ಕೆಳಗಿಳಿಯಿತು. ಮೂರು ವರ್ಷ ತಡ, 2025ರ ನವೆಂಬರಿನಲ್ಲಿ ಎರಡು ಹಡಗಿಗೆ ಮೊಟಕು.

ಮುನಿರಾಬಾದ್ ತೂಬು:
ಸಮುದ್ರದಾಗ ಹುದುಗಿಸಿದ ಮೈನ್ (ಸಿಡಿಗುಂಡು) ತೆಗೆಯೋ ಹಡಗಿನ ಕತಿ ಯಾರೂ ಹೇಳಲಿಲ್ಲ.

ಟೆಂಡರ್ ಫೈಲು, ರಾಯಚೂರು:
ಹೇಳುವುದಕ್ಕೆ ಹಡಗೇ ಇಲ್ಲ. ಕೊರಿಯಾ ಕಂಪನಿ ಜತೆ ಗೋವಾದಲ್ಲಿ 12 ಕಟ್ಟುವ ಮಾತು, ಸುಮಾರು 32,000 ಕೋಟಿ, 2018ರಲ್ಲಿ ಮುರಿಯಿತು. ಹಳೆಯದರಲ್ಲಿ ಕೊನೆಯದಾದ ಕೋಯಿಕ್ಕೋಡ್ 2019ರಲ್ಲಿ ನಿವೃತ್ತಿ. 2025ರ ಜುಲೈನಲ್ಲಿ ಮತ್ತೆ ಅಗತ್ಯದ ಒಪ್ಪಿಗೆ ಸಿಕ್ಕಿದೆ. ಒಪ್ಪಿಗೆ ಅಂದರೆ ಮೊದಲ ಮೆಟ್ಟಿಲು. ಆಮೇಲೆ ಟೆಂಡರ್, ತಾಂತ್ರಿಕ ಪರಿಶೀಲನೆ, ದರದ ಮಾತುಕತೆ, ಸಂಪುಟ ಸಮಿತಿ, ಒಪ್ಪಂದ. ಸೈನ್ಯವನ್ನು ದಡಕ್ಕಿಳಿಸುವ ನಾಲ್ಕು ದೊಡ್ಡ ಲ್ಯಾಂಡಿಂಗ್ ಹಡಗುಗಳ ಟೆಂಡರ್ 2013ರಲ್ಲಿ ಕರೆದು 2020ರಲ್ಲಿ ವಾಪಸ್ ಪಡೆದರು. ಏಳು ವರ್ಷ ಬಿಡ್ ಹಿಡಿದುಕೊಂಡು ಕೂತ ಕಟ್ಟೆಯ ಬಡ್ಡಿ ಯಾರು ಕಟ್ಟುತ್ತಾರೆ?

ಕೌಲ್‌ಬಜಾರ್ ಶೆಡ್:
ಸರಿ, ತಲಿಗೆ ಹೋತು. ಈಗ ನನ್ನ ಎರಡನೇ ಪ್ರಶ್ನೆಗೆ ಬರ್ರಿ. ಬಳ್ಳಾರಿ ಕೊಪ್ಪಳದಾಗಿರೋ ಶೆಡ್ಡು, ಫೌಂಡ್ರಿ ಏನು ಮಾಡಬಹುದು?

ಗಿಣಿಗೇರಾ ಬಾರ್‌ಮಿಲ್:
ಫೌಂಡ್ರಿಯವರಿಗೆ ಮೊದಲು ಒಂದು ಎಚ್ಚರಿಕಿ. ನಮ್ಮ ಕಡೆ ಬಲ ಬೂದು ಎರಕ, ಅಂದ್ರ ಗ್ರೇ ಐರನ್. ಎಂಜಿನ್ ಬ್ಲಾಕಿಗೆ, ಹೆಡ್ಡಿಗೆ ಚಲೋ. ಯುದ್ಧನೌಕೆಯ ಸಮುದ್ರನೀರಿನ ಕವಾಟಕ್ಕ ಅದು ನಡೆಯಂಗಿಲ್ಲ. ನೀರೊಳಗ ಸ್ಫೋಟ ಆದ್ರ ಹಲ್ ಮ್ಯಾಲೆ ಬಡಿಯೋ ಆಘಾತಕ್ಕ ಬೂದು ಎರಕ ತಟ್ಟಂತ ಒಡೀತೈತಿ, ಒಡೆದ್ರ ಹಡಗಿನೊಳಗ ಸಮುದ್ರ. ಅಲ್ಲಿ ಬೇಕಾದದ್ದು ನಿಕಲ್ ಅಲ್ಯೂಮಿನಿಯಂ ಬ್ರಾಂಜ್ ಇಲ್ಲಾ ಗನ್‌ಮೆಟಲ್. ಅದಕ್ಕ ಕುಲುಮಿ ಬ್ಯಾರೆ, ಮರಳು ಬ್ಯಾರೆ, ಗೇಟಿಂಗ್ (ಅಚ್ಚಿನೊಳಗ ಲೋಹ ಹರಿಯೋ ದಾರಿ) ಬ್ಯಾರೆ. ಅಲ್ಯೂಮಿನಿಯಂ ಇರೋದ್ರಿಂದ ಲೋಹ ಸುರಿಯುವಾಗ ಹಾರಿದ್ರ ಆಕ್ಸೈಡ್ ಪದರ ಒಳಗ ಸಿಕ್ಕಿ ಎಕ್ಸ್‌ರೇನಾಗ ಎರಕ ತಿರಸ್ಕಾರ ಆಗ್ತೈತಿ. ಕೆಳಗಿನಿಂದ ಸಾವಕಾಶ ತುಂಬಿಸಬೇಕು. ಅದನ್ನ ಕಲಿಯದೆ ಕೊಟೇಶನ್ ಹಾಕಬ್ಯಾಡ್ರಿ.

ಮುಂದಿನ ಮಾತು ಬ್ಯಾರೆ. ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್‌ಗೆ 2025ರ ಏಪ್ರಿಲ್‌ನಾಗ 6 ಮೆಗಾವಾಟ್ ಸಮುದ್ರ ಡೀಸೆಲ್ ಎಂಜಿನ್ ಅಭಿವೃದ್ಧಿಗೆ 270 ಕೋಟಿಯ ಯೋಜನೆ ಮಂಜೂರಾಗೇತಿ, ಅದರಾಗ 70 ಪ್ರತಿಶತ ಸರ್ಕಾರದ ಹಣ. ಆ ಗಾತ್ರದ ಎಂಜಿನ್ನು ಇಲ್ಲಿ ತಯಾರಾದ್ರ ಎರಕ, ಬಾರು, ಫೋರ್ಜಿಂಗ್ ಕೆಲಸ ಕೆಳಗ ಹರಿದು ಬರ್ತೈತಿ. ಈಗಂತೂ ದೊಡ್ಡ ಡೀಸೆಲ್ಲು ಹೊರಗಿನಿಂದ. ವಿಶಾಖಪಟ್ಟಣ ವರ್ಗದ ಗ್ಯಾಸ್ ಟರ್ಬೈನು ಉಕ್ರೇನಿನ ಮೈಕೊಲಾಯಿವ್ ಊರಿಂದು, ಅಲ್ಲಿ ಯುದ್ಧ. ನೀಲಗಿರಿ ವರ್ಗಕ್ಕ ಬೆಂಗಳೂರಿನ ಎಚ್‌ಎಎಲ್ ಜೋಡಿಸಿ ಕೊಡೋ ಎಲ್‌ಎಂ2500, ಮೂಲ ಅಮೆರಿಕದ್ದು.

ತೋರಣಗಲ್ಲು ರೋಲಿಂಗ್:
ಫ್ಯಾಬ್ರಿಕೇಶನ್ ಶೆಡ್ಡಿಗೆ ಹೊರಮೈ ಪ್ಲೇಟಿನ ಆಸೆ ಬೇಡ, ಅದು ಕಟ್ಟೆಯೊಳಗೇ ಆಗುವ ಕೆಲಸ. ಸಿಗುವುದು 'ಔಟ್‌ಫಿಟ್': ಕೇಬಲ್ ಟ್ರೇ, ಪೈಪ್ ಸಪೋರ್ಟು, ಏಣಿ, ಕಟಕಟೆ, ಗಾಳಿಕೊಳವೆ, ಯಂತ್ರಗಳ ಸಣ್ಣ ಫೌಂಡೇಶನ್ನು. ಸಾವಿರಾರು ತುಂಡು, ಒಂದೊಂದಕ್ಕೂ ನಕ್ಷೆ ಸಂಖ್ಯೆ.

ಎಡವುವುದು ಎಲ್ಲಿ ಅಂತ ಗೊತ್ತಿರಲಿ. ಮೊದಲನೆಯದು ದಪ್ಪ. ನಕ್ಷೆಯಲ್ಲಿ 5 ಮಿ.ಮೀ. ಇದೆ, ಅಂಗಡಿಯಲ್ಲಿ 6 ಸಿಗುತ್ತದೆ, "ಗಟ್ಟಿಯಾಗೇ ಇರುತ್ತೆ ಬಿಡು" ಅಂತ ಹಾಕುವುದು. ಟ್ರಾನ್ಸ್‌ಫಾರ್ಮರ್ ಸ್ಟ್ಯಾಂಡಿಗೆ ನಡೆಯುತ್ತದೆ, ಹಡಗಿಗೆ ನಡೆಯುವುದಿಲ್ಲ. 5 ಮಿ.ಮೀ. ಪ್ಲೇಟು ಚದರ ಮೀಟರಿಗೆ 39.25 ಕೆ.ಜಿ., 6 ಮಿ.ಮೀ. 47.1. ಮೇಲಿನ ಡೆಕ್ಕುಗಳಲ್ಲಿ ಇಂಥ ಸಾವಿರ ತುಂಡು ಸೇರಿದರೆ ಹಡಗಿನ ಭಾರಕೇಂದ್ರ ಮೇಲೇರುತ್ತದೆ, ವಾಲಿದಾಗ ಎದ್ದು ನಿಲ್ಲುವ ಶಕ್ತಿ ಕುಗ್ಗುತ್ತದೆ. ಪ್ರತಿ ತುಂಡನ್ನೂ ತೂಗಿ ಬರೆಯುತ್ತಾರೆ. ಹೆಚ್ಚು ಬಂದರೆ ವಾಪಸ್.

ಎರಡನೆಯದು ಎಲೆಕ್ಟ್ರೋಡ್. ಲೋ ಹೈಡ್ರೋಜನ್ 7018 ಪೊಟ್ಟಣ ಒಡೆದು ಬಕೆಟ್ಟಿನಲ್ಲಿ ಇಟ್ಟು ದಿನವಿಡೀ ಬಳಸುವ ರೂಢಿ ಬಿಡಬೇಕು. 300ರಿಂದ 350 ಡಿಗ್ರಿಯಲ್ಲಿ ಒಂದೆರಡು ತಾಸು ಬೇಯಿಸಿ, ಹೋಲ್ಡಿಂಗ್ ಓವನ್ನಿಗೆ, ಅಲ್ಲಿಂದ ವೆಲ್ಡರನ ಕೈಯ ಕ್ವಿವರಿಗೆ (ಸಲಾಕೆ ಬಿಸಿಯಾಗಿಡುವ ಡಬ್ಬಿ). ತೇವ ಇದ್ದರೆ ಹೈಡ್ರೋಜನ್ ಬೆಸುಗೆಯೊಳಗೆ ಸೇರಿ, ಒಂದೆರಡು ದಿನ ಬಿಟ್ಟು ಬಿರುಕು ಬಿಡುತ್ತದೆ. ಗಟ್ಟಿ ದರ್ಜೆಯ ಉಕ್ಕಿಗೆ ತಪಾಸಣೆ ಬೆಸೆದ ದಿನವೇ ಮಾಡದೆ 48 ತಾಸು ಕಾಯುವುದು ಇದಕ್ಕೆ.

ಮೂರನೆಯದು ಅಂಚು. ಪ್ಲೇಟಿನ ಚೂಪು ಅಂಚನ್ನು 2 ಮಿ.ಮೀ.ನಷ್ಟು ದುಂಡಗೆ ಉಜ್ಜಬೇಕು. ಪೇಂಟು ಒಣಗುವಾಗ ಚೂಪಿನಿಂದ ಹಿಂದಕ್ಕೆ ಸರಿದು ಅಲ್ಲಿ ತೆಳುವಾಗುತ್ತದೆ, ಉಪ್ಪುಗಾಳಿ ಮೊದಲು ತಿನ್ನುವುದು ಅದನ್ನೇ. ತುಕ್ಕು ತೆಗೆಯುವ ಬ್ಲಾಸ್ಟಿಂಗ್ ಎಸ್‌ಎ 2.5 ದರ್ಜೆಗೆ, ಅಂದರೆ ಬಹುಪಾಲು ಬರಿ ಲೋಹ ಕಾಣುವಷ್ಟು. ಬಳ್ಳಾರಿ ಧೂಳಿನಲ್ಲಿ ಬಯಲಲ್ಲಿ ಬ್ಲಾಸ್ಟ್ ಮಾಡಿ ಸಂಜೆ ಪ್ರೈಮರ್ ಅಂದರೆ ಕೆಂಪು ಮಣ್ಣಿನ ಮೇಲೇ ಬಣ್ಣ ಹಚ್ಚಿದಂತೆ.

ಟೆಂಡರ್ ಫೈಲು, ರಾಯಚೂರು:
ಕಾಗದದ ದಾರಿ ಹೀಗೆ. ಸಣ್ಣ ಉದ್ದಿಮೆಯ ಉದ್ಯಮ್ ನೋಂದಣಿ, ಸರ್ಕಾರಿ ಖರೀದಿ ಪೋರ್ಟಲ್ ಜೆಮ್‌ನಲ್ಲಿ ನೋಂದಣಿ, ಆಮೇಲೆ ಆಯಾ ಕಟ್ಟೆಯ ವೆಂಡರ್ ಪಟ್ಟಿ. ಪ್ರತಿ ಕಟ್ಟೆಗೂ ಬೇರೆ ಅರ್ಜಿ. ವೆಲ್ಡಿಂಗ್ ವಿಧಾನದ ಪರೀಕ್ಷೆ ಮಾಡಿ ದಾಖಲೆ ಇಡಬೇಕು, ವೆಲ್ಡರ್‌ಗಳು ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನಂಥ ಸಂಸ್ಥೆಯ ಸರ್ವೇಯರ್ ಎದುರು ಬೆಸೆದು ಪಾಸಾಗಬೇಕು. ಚಪ್ಪಟೆ ಸ್ಥಾನದಲ್ಲಿ ಪಾಸಾದವನು ತಲೆ ಮೇಲಿನ ಬೆಸುಗೆ ಹಾಕುವಂತಿಲ್ಲ. ಪ್ಲೇಟಿಗೆ ಟೆಸ್ಟ್ ಸರ್ಟಿಫಿಕೇಟ್ ಯಾವ ದರ್ಜೆಯದು ಅಂತ ಆರ್ಡರ್ ಓದಿ: 3.1 ಅಂದರೆ ಮಿಲ್ಲಿನವರದೇ ಸಹಿ, 3.2 ಅಂದರೆ ಸ್ವತಂತ್ರ ಸರ್ವೇಯರ್ ಸಹಿಯೂ ಬೇಕು. ಅಂಗಡಿಯಲ್ಲಿ ಕೊಂಡ ಪ್ಲೇಟಿಗೆ 3.2 ಆಮೇಲೆ ಹುಟ್ಟಿಸಲಿಕ್ಕೆ ಆಗುವುದಿಲ್ಲ. ಪ್ಲೇಟು ಕತ್ತರಿಸುವಾಗ ಹೀಟ್ ನಂಬರ್ (ಉಕ್ಕು ಯಾವ ಸುರಿತದ್ದು ಅನ್ನುವ ಸಂಖ್ಯೆ) ಉಳಿದ ತುಂಡಿಗೂ ಪಂಚ್ ಮಾಡಿ. ನಂಬರ್ ಹೋದ ತುಂಡು ಗುಜರಿ ಲೆಕ್ಕ.

ಸಣ್ಣ ಉದ್ದಿಮೆಗೆ ಸೌಲಭ್ಯಗಳಿವೆ. ಸರ್ಕಾರಿ ಕಂಪನಿಗಳು ವರ್ಷದ ಖರೀದಿಯ 25 ಪ್ರತಿಶತ ಸೂಕ್ಷ್ಮ, ಸಣ್ಣ ಘಟಕಗಳಿಂದ ಮಾಡಬೇಕು. ಇಎಂಡಿ, ಅಂದರೆ ಟೆಂಡರ್ ಜತೆ ಇಡುವ ಠೇವಣಿ, ಕಟ್ಟಬೇಕಿಲ್ಲ. ನಿಮ್ಮ ದರ ಎಲ್1ಗಿಂತ 15 ಪ್ರತಿಶತದೊಳಗೆ ಹೆಚ್ಚಿದ್ದರೆ, ಎಲ್1 ದರಕ್ಕೆ ಇಳಿದು ಒಂದು ಪಾಲು ಕೇಳಬಹುದು.

ಕೌಲ್‌ಬಜಾರ್ ಶೆಡ್:
ದುಡ್ಡು ಯಾವಾಗ ಬರ್ತೈತಿ? ತಡ ಆದ್ರೆ ದಂಡ ಎಷ್ಟು?

ಟೆಂಡರ್ ಫೈಲು, ರಾಯಚೂರು:
ಕಾನೂನಿನಲ್ಲಿ ಗರಿಷ್ಠ 45 ದಿನ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರಿಗೆ ಸಣ್ಣ ಉದ್ದಿಮೆ ಸಚಿವಾಲಯದ ಆನ್‌ಲೈನ್ ಪೋರ್ಟಲ್. ಆದರೆ 45 ದಿನದ ಗಡಿಯಾರ ಓಡುವುದು ಮಾಲು ಸ್ವೀಕಾರವಾದ ದಿನದಿಂದ. ತಪಾಸಣೆಯಲ್ಲಿ ಆಕ್ಷೇಪ ಬಂದರೆ ಅದು ಬಗೆಹರಿದ ಮೇಲೆ. ಹೀಗಾಗಿ ಒಂದು ಕಾಗದದ ಕೊರತೆ ಎರಡು ತಿಂಗಳ ಬಂಡವಾಳ ನುಂಗುತ್ತದೆ. ಬಿಲ್ ಒಪ್ಪಿದ ಮೇಲೆ ಟ್ರೆಡ್ಸ್ ಎಂಬ ಆನ್‌ಲೈನ್ ಬಿಲ್ ವೇದಿಕೆಯಲ್ಲಿ ಅದನ್ನು ಮುರಿದು ಹಣ ಮೊದಲೇ ತೆಗೆಯಬಹುದು, ಬಡ್ಡಿ ಕಡಿಯುತ್ತಾರೆ.

ದಂಡ ಸಾಮಾನ್ಯವಾಗಿ ವಾರಕ್ಕೆ ಅರ್ಧ ಪ್ರತಿಶತ. ಹೊಸ ಕೈಪಿಡಿಯಲ್ಲಿ ಮೇಲ್ಮಿತಿ 5, ವಿಪರೀತ ತಡಕ್ಕೆ ಮಾತ್ರ 10. ಹೊಸದಾಗಿ ಅಭಿವೃದ್ಧಿ ಮಾಡಿ ಕೊಡುವ ಸಾಮಾನಿಗೆ ಮಾದರಿ ತಯಾರಾಗುವವರೆಗೆ ದಂಡವಿಲ್ಲ, ಆಮೇಲೆ ವಾರಕ್ಕೆ 0.1. ಈ ಕೈಪಿಡಿ ಬಿಡಿಭಾಗ, ರಿಪೇರಿ ಖರೀದಿಗೆ. ಹೊಸ ಹಡಗಿನ ಒಪ್ಪಂದಕ್ಕೆ ಬೇರೆ ನಿಯಮ. ಕಟ್ಟೆಯ ಆರ್ಡರಿನಲ್ಲಿ ಅದರದೇ ಷರತ್ತು ಇರುತ್ತದೆ, ಸಹಿ ಹಾಕುವ ಮುಂಚೆ ಓದಿ. ಮುಖ್ಯವಾಗಿ, ನಕ್ಷೆ ಅವರಿಂದ ತಡವಾಗಿ ಬಂದರೆ ನಿಮ್ಮ ದಿನಾಂಕ ತಾನಾಗಿ ಮುಂದೆ ಹೋಗುತ್ತದೆಯೇ ಅಂತ ನೋಡಿ. ಬರೆದಿಲ್ಲದಿದ್ದರೆ ಪ್ರತಿ ತಿದ್ದುಪಡಿ ಬಂದ ದಿನವೇ ಇಮೇಲ್ ಹಾಕಿ ದಿನ ಕೇಳಿ. ಮೇಲಿನವರು ನಕ್ಷೆ ತಿದ್ದಿದ ತಡಕ್ಕೆ ಕೆಳಗಿನ ಶೆಡ್ಡು ದಂಡ ಕಟ್ಟುವುದು ಈ ಸರಣಿಯಲ್ಲಿ ಹೊಸದಲ್ಲ.

ಶಕ್ತಿನಗರ ಟರ್ಬೈನ್:
ಇನ್ನೊಂದು. ಮೊದಲ ಅರ್ಜಿ ಹೊಸ ಹಡಗಿಗಿಂತ ರಿಪೇರಿಗೆ ಹಾಕ್ರಿ. ಕಾರವಾರದಾಗ ನೌಕಾನೆಲೆ ಅದ, 10,000 ಟನ್ ಎತ್ತೋ ಶಿಪ್‌ಲಿಫ್ಟ್ ಅದ. ಬಳ್ಳಾರಿಯಿಂದ ಲಾರಿ ಒಂದು ರಾತ್ರಿಯಾಗ ಮುಟ್ಟತದ. ಹಳೇ ತುಂಡು ಮಾದರಿಗೆ ಸಿಗ್ತದ, ನಕ್ಷೆ ಬದಲಾಗಂಗಿಲ್ಲ.

ಕೌಲ್‌ಬಜಾರ್ ಶೆಡ್:
ಆಗ್ಲಿ. ಬೇಯಿಸೋ ಓವನ್ನು ಎಷ್ಟು ದೊಡ್ಡದು ಬೇಕು, ಆರು ವೆಲ್ಡರ್ ಅಂದ್ರೆ?

ತೋರಣಗಲ್ಲು ರೋಲಿಂಗ್:
ಒಬ್ಬನಿಗೆ ಪಾಳಿಗೆ 5 ಕೆ.ಜಿ. ಹಿಡಿಯಿರಿ, ಆರು ಜನಕ್ಕೆ 30. ಬೇಯಿಸುವ ಓವನ್ 50 ಕೆ.ಜಿ.ದು ಒಂದು, ಹೋಲ್ಡಿಂಗ್ 50ದು ಒಂದು, ಕ್ವಿವರ್ 5 ಕೆ.ಜಿ.ಯವು ಆರು. ಥರ್ಮೋಮೀಟರ್ ಕ್ಯಾಲಿಬ್ರೇಶನ್ ಚೀಟಿ ಓವನ್ ಬಾಗಿಲಿಗೇ ಅಂಟಿಸಿರಲಿ, ಸರ್ವೇಯರ್ ಬಂದ ಕೂಡಲೇ ಅದನ್ನ ಕೇಳುತ್ತಾನೆ. ಬೇಯಿಸಿದ ವೇಳೆ ಬರೆಯುವ ರಿಜಿಸ್ಟರು ಬೇರೆ ಇಡಿ. ಒಮ್ಮೆ ಮತ್ತೆ ಬೇಯಿಸಿದ ಸಲಾಕೆಗೆ ಬಣ್ಣದ ಗುರುತು ಹಾಕಿ, ಎರಡನೇ ಸಲ ವಾಪಸ್ ಬಂದರೆ ಅದು ಗೇಟು ಗ್ರಿಲ್ಲಿನ ಕೆಲಸಕ್ಕೆ.